ಹಳೆ ಗಾರೆಯ ಮೇಲೆ ಹೊಸ ಗಾರೆ

ನಮ್ಮ ಮನೆಯ ಪಡುವಣ ಗೋಡೆಗೆ ಹೊಸ ಗಾರೆ ಮಾಡಿಸೋಣ ಅಂತ ಹೊರಟಾಗ ಮೊದಲು ಎದ್ದ ಪ್ರಶ್ನೆ ಒಂದೇ. ಹಳೆ ಗಾರೆ ಪೂರ್ತಿ ಕೆಡವಬೇಕಾ, ಇಲ್ಲಾ ಅದರ ಮೇಲೇ ಹಾಕಬಹುದಾ? ಇದಕ್ಕೆ ಊರಲ್ಲಿ ಎಷ್ಟು ಜನ ಮೇಸ್ತ್ರಿಗಳಿದ್ದಾರೋ ಅಷ್ಟು ಉತ್ತರ. ಒಬ್ಬರು "ಎಲ್ಲಾ ಕಿತ್ತು ಹಾಕಿ, ಕಲ್ಲು ಕಾಣಬೇಕು" ಅಂದರು. ಇನ್ನೊಬ್ಬರು "ಸುಮ್ನೆ ಯಾಕೆ ಖರ್ಚು, ನಾಲ್ಕು ಕಚ್ಚು ಹೊಡೆದು ಮೇಲಿಂದ ಒಂದು ಕೋಟ್ ಎಳೆದುಬಿಡೋಣ" ಅಂದರು. ಕಚ್ಚು ಅಂದರೆ ಹೊಸ ಗಾರೆ ಹಿಡಿಯಲಿ ಅಂತ ಹಳೆಯದರಲ್ಲಿ ಸುತ್ತಿಗೆಯಿಂದ ಎಬ್ಬಿಸುವ ಸಣ್ಣ ಗುಳಿ. ಪೇಂಟ್ ಅಂಗಡಿಯವರ ಪ್ರಕಾರ ಗಾರೆಯ ಗೊಡವೆಯೇ ಬೇಡ. ಪುಟ್ಟಿ ಹಚ್ಚಿ ದಪ್ಪ ಪೇಂಟ್ ಬಳಿದರೆ ಮುಗೀತು.

ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಮಾವ 1984ರಲ್ಲಿ ಕಟ್ಟಿಸಿದ, ಜಂಬಿಟ್ಟಿಗೆ ಅನ್ನುವ ಕೆಂಪು ಕಲ್ಲಿನ ಮನೆ, ಮೇಲೆ ಮಂಗಳೂರು ಹೆಂಚು. ಕಲ್ಲು ಕೂರಿಸಿದ್ದು ಕೆಸರಿನಲ್ಲಿ, ಹೊರಗೆ ಬಳಿದದ್ದು ಸಿಮೆಂಟ್ ಗಾರೆ. ಆಗ ಸಿಮೆಂಟ್ ಸುಲಭಕ್ಕೆ ಸಿಗುತ್ತಿರಲಿಲ್ಲ, ಇದ್ದಷ್ಟನ್ನು ಹೊರಗಿನ ಗಾರೆಗೆ ಉಳಿಸಿಕೊಂಡಿದ್ದರಂತೆ. ನಮ್ಮ ಕಡೆ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡ ಹೊಡೆಯುವುದೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬರುವುದು ಪಶ್ಚಿಮದಿಂದ, ಎರಚಲೆಲ್ಲ ಆ ಗೋಡೆಗೆ. ಅದಕ್ಕೇ ಹಿಂದಿನವರು ಮಳೆಗಾಲ ಹತ್ತಿರ ಬಂದಾಗ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಸಿಮೆಂಟ್ ಬಂತು, ಬಣ್ಣ ಬಂತು, ತಟ್ಟಿ ಅಸಹ್ಯ ಅನಿಸಿತು, ಬಿಟ್ಟರು. ಆ ಮೇಲೆ ಗೋಡೆ ಹಸಿರಾಯಿತು. ಗಾರೆಯ ತುಂಬ ಜೇಡರ ಬಲೆಯ ಹಾಗೆ ಸಣ್ಣ ಬಿರುಕು. ಒಳಗೆ ಬೀರುವಿನ ಹಿಂದೆ ಬೂಷ್ಟು.

ಹಾನಗಲ್ ಕಡೆಯಿಂದ ಬಂದು ನಮ್ಮೂರಿನ ಸುತ್ತಮುತ್ತ ಕೆಲಸ ಮಾಡುವ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ. ಅವರನ್ನು ಕರೆಸಿದೆವು. ಅವರು ಬಂದವರೇ ರೇಟು ಹೇಳಲಿಲ್ಲ. ಸುತ್ತಿಗೆ ತಿರುಗಿಸಿ ಹಿಡಿದು, ಮರದ ಹಿಡಿಯಿಂದ ಗೋಡೆ ಬಡಿಯುತ್ತಾ ಹೊರಟರು. ಕೆಲವು ಕಡೆ ಟಣ್ ಟಣ್ ಅಂತಿತ್ತು. ಕೆಲವು ಕಡೆ ಡೊಬ್ ಡೊಬ್.

"ಇಲ್ಲಿ ಬಡೀರಿ ನೋಡೋಣು ಅಕ್ಕಾರ. ಇದು ಗ್ವಾಡಿ ಬಿಟ್ಟೈತ್ರಿ" ಅಂದರು.

ಬಡಿದೆ. ಹೌದು, ಒಳಗೆ ಪೊಳ್ಳು. ಕಣ್ಣಿಗೆ ಮಾತ್ರ ಎರಡೂ ಜಾಗ ಒಂದೇ ಥರ ಕಾಣುತ್ತಿದ್ದವು. ಅಷ್ಟೇ ಅಲ್ಲ, ಬಿರುಕು ಜಾಸ್ತಿ ಇದ್ದ ಒಂದು ಕಡೆ ಗಾರೆ ಗಟ್ಟಿಯಾಗಿಯೇ ಇತ್ತು. ನುಣ್ಣಗೆ ಚೆನ್ನಾಗಿ ಕಾಣುತ್ತಿದ್ದ ಕಿಟಕಿಯ ಕೆಳಭಾಗ ಪೂರ್ತಿ ಟೊಳ್ಳು. ಸೀಮೆಸುಣ್ಣ ಹಿಡಿದು ಪೊಳ್ಳು ಇದ್ದಲ್ಲೆಲ್ಲ ಗೆರೆ ಎಳೆಯುತ್ತಾ ಬಂದೆವು. ಮುಗಿಯುವ ಹೊತ್ತಿಗೆ ಗೋಡೆಯ ಮೇಲೊಂದು ನಕ್ಷೆ ಸಿದ್ಧವಾಗಿತ್ತು. ಸುಮಾರು ಮೂರರಲ್ಲೊಂದು ಭಾಗ ಪೊಳ್ಳು, ಅದೂ ಹೆಚ್ಚಾಗಿ ಕೆಳಗೆ ಮತ್ತು ಕಿಟಕಿಗಳ ಸುತ್ತ. ಉಳಿದದ್ದು ಗಟ್ಟಿ.

ನಮ್ಮ ಪ್ರಶ್ನೆಗೆ ಉತ್ತರ ಆ ನಕ್ಷೆಯಲ್ಲೇ ಇತ್ತು. ಕೀಳುವುದೋ ಉಳಿಸುವುದೋ ಅನ್ನುವುದು ಇಡೀ ಗೋಡೆಗೆ ಒಂದೇ ಸಲ ತೀರ್ಮಾನ ಮಾಡುವ ವಿಷಯ ಅಲ್ಲ. ಪೊಳ್ಳು ಇದ್ದಲ್ಲಿ ಕಲ್ಲಿನವರೆಗೂ ಕೀಳಬೇಕು, ಗಟ್ಟಿ ಇದ್ದಲ್ಲಿ ಅದರ ಮೇಲೇ ಹಾಕಬಹುದು. ಹೊಸ ಗಾರೆ ಹಿಡಿದುಕೊಳ್ಳುವುದು ಗೋಡೆಯನ್ನಲ್ಲ, ಹಳೆ ಗಾರೆಯನ್ನು. ಲೆಕ್ಕ ಹಾಕಿ ನೋಡಿ. 12 ಮಿಲಿಮೀಟರ್ ದಪ್ಪದ ಗಾರೆ ಒಂದು ಚದರಡಿಗೆ ಎರಡು ಕೆಜಿಗೂ ಮೇಲೆ ತೂಗುತ್ತದೆ. ನಮ್ಮ ಗೋಡೆ 32 ಅಡಿ ಉದ್ದ, 10 ಅಡಿ ಎತ್ತರ. ಕಿಟಕಿಗಳ ಜಾಗ ಕಳೆದರೂ ಆರು ಕ್ವಿಂಟಾಲಿನಷ್ಟು ಹೊಸ ಭಾರ. ಅದೆಲ್ಲ ನಲವತ್ತು ವರ್ಷದ ಹಳೆ ಗಾರೆಗೆ ಜೋತುಬೀಳುತ್ತದೆ. ಹಳೆಯದೇ ಗೋಡೆ ಬಿಟ್ಟಿದ್ದರೆ ಎರಡೂ ಒಟ್ಟಿಗೇ ಕೆಳಗೆ ಬರುತ್ತವೆ.

ಇನ್ನೊಂದು ವಿಷಯ ಬಿರುಕಿನದು. ಬಲೆಯ ಹಾಗಿರುವ ಕೂದಲೆಳೆ ಬಿರುಕು ಗಾರೆ ಒಣಗುವಾಗ ಕುಗ್ಗಿ ಆದದ್ದು. ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಒಂದು ಕಿಟಕಿಯ ಮೇಲಿನ ಮೂಲೆಯಿಂದ ಓರೆಯಾಗಿ ಸೂರಿನ ಕಡೆ ಹೋದ ಬಿರುಕೊಂದಿತ್ತು. ಅದು ಗಾರೆಯದ್ದಲ್ಲ, ಗೋಡೆಯದ್ದೇ. ಮೇಸ್ತ್ರಿ ಗಾಜಿನ ಸಣ್ಣ ತುಂಡೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿ ಹೋದರು. ಗೋಡೆ ಇನ್ನೂ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ. ಮಳೆಗಾಲದ ಕೊನೆಯಲ್ಲಿ ಇಟ್ಟ ಗಾಜು ಜನವರಿಯವರೆಗೂ ಹಾಗೇ ಇತ್ತು.

ಜನವರಿಯವರೆಗೆ ಕಾದದ್ದಕ್ಕೆ ಕಾರಣ ಎರಡು. ಜಂಬಿಟ್ಟಿಗೆ ಕಲ್ಲು ತುಂಬ ತೂತು ತೂತು, ನಾಲ್ಕು ತಿಂಗಳು ಕುಡಿದ ನೀರನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಒದ್ದೆ ಗೋಡೆಯ ಮೇಲೆ ಗಾರೆ ಹಾಕಿದರೆ ಆ ನೀರು ಹೊರಗೆ ಬರುವಾಗ ಉಪ್ಪನ್ನೂ ಎಳೆದುಕೊಂಡು ಬರುತ್ತದೆ. ಎರಡನೆಯದು ಅಡಿಕೆ. ಅಡಿಕೆ ಗೊನೆಯ ಕೊಯ್ಲು ಶುರುವಾಯಿತು ಅಂದರೆ ನಮ್ಮ ಊರಿನಲ್ಲಿ ಒಂದಾಳು ಸಿಗುವುದಿಲ್ಲ. ಮನೆ ಮುಂದೆ ಅಡಿಕೆ ಹರವಿಕೊಂಡು ಗೋಡೆ ಕೆರೆಯುವ ಧೂಳೂ ಎಬ್ಬಿಸುವ ಹಾಗಿಲ್ಲ. ಹೀಗಾಗಿ ಸುಲಿದು, ಬೇಯಿಸಿ, ಒಣಗಿಸಿ ಮುಗಿದ ಮೇಲೆಯೇ ಕೆಲಸ.

ಆ ಬಿಡುವಿನಲ್ಲಿ ನೀರು ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಿಕೊಂಡೆವು. ಎರಚಲು ಸರಿ, ಅದು ಗೊತ್ತಿದ್ದದ್ದೇ. ಸೂರಿನ ನೀರು ಹರಿದುಹೋಗುವ ದೋಣಿ ಒಂದು ಕಡೆ ತಗ್ಗಿ ನೀರೆಲ್ಲ ಗೋಡೆಗೆ ಸುರಿಯುತ್ತಿತ್ತು. ಕಿಟಕಿಯ ಮೇಲೆ ಹೊರಗೆ ಚಾಚಿದ ಸಜ್ಜಾದ ಅಡಿಯಲ್ಲಿ ನೀರು ತಡೆಯುವ ಗೀರೇ ಇರಲಿಲ್ಲ. ಸಜ್ಜಾದ ತುದಿಗೆ ಬಂದ ನೀರು ಕೆಳಗೆ ಬೀಳುವ ಬದಲು ಅಡಿಯಲ್ಲೇ ತೆವಳಿಕೊಂಡು ಗೋಡೆಗೆ ಬರುತ್ತಿತ್ತು. ಬುಡದಲ್ಲಂತೂ ನನ್ನದೇ ಹೂವಿನ ಪಾತಿ. ವರ್ಷವರ್ಷ ಗೊಬ್ಬರ ಮಣ್ಣು ಹಾಕಿ ಹಾಕಿ ಅದು ತಳಪಾಯದ ಮಟ್ಟ ದಾಟಿ ಗೋಡೆಗೆ ಒರಗಿತ್ತು. ಸೇವಂತಿಗೆಗೆ ಹಾಕಿದ ನೀರನ್ನೆಲ್ಲ ಗೋಡೆ ಕುಡಿಯುತ್ತಿತ್ತು. ಪಾತಿ ತೆಗೆದು ಮಣ್ಣನ್ನು ಒಂದಡಿಯಷ್ಟು ಕೆಳಗಿಳಿಸಿದೆವು. ಅತ್ತೆಗೆ ಬೇಜಾರಾಯಿತು. ಆದರೆ ಇವನ್ನು ಸರಿಮಾಡದೆ ಎಷ್ಟು ಒಳ್ಳೆ ಗಾರೆ ಹಾಕಿದರೂ ದಂಡ.

ಮೇಸ್ತ್ರಿ ಜೊತೆ ಕೂಲಿಯ ಮಾತಾಡುವಾಗ ಒಂದು ವಿಷಯದಲ್ಲಿ ಗಟ್ಟಿ ನಿಂತೆ. ಕೀಳುವುದು, ಕೆರೆಯುವುದು, ಕಚ್ಚು ಹೊಡೆಯುವುದು ದಿನಗೂಲಿ. ಗಾರೆ ಎಳೆಯುವುದು ಮಾತ್ರ ಚದರಡಿ ಲೆಕ್ಕ. ಎಲ್ಲವನ್ನೂ ಚದರಡಿ ಲೆಕ್ಕಕ್ಕೆ ಕೊಟ್ಟರೆ ಕಣ್ಣಿಗೆ ಕಾಣದ ಕೆಲಸಕ್ಕೆ ಯಾರೂ ಹೊತ್ತು ಕೊಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಹಳೆ ಗಾರೆಯ ಮೇಲೆ ಹೊಸ ಗಾರೆ ನಿಲ್ಲುವುದೋ ಬೀಳುವುದೋ ಅನ್ನುವುದು ಆ ಕಾಣದ ಕೆಲಸದಲ್ಲೇ ಇದೆ.

ಮೊದಲು ಹಸಿರು ತೆಗೆಯಬೇಕಿತ್ತು. ಬ್ಲೀಚಿಂಗ್ ಪೌಡರ್ ಕಲಸಿದ ನೀರು ಹಚ್ಚಿ, ಬಿಟ್ಟು, ಉಜ್ಜಿ, ಒಳ್ಳೆ ನೀರಿನಲ್ಲಿ ತೊಳೆದರು. ಆ ಮೇಲೆ ಬಣ್ಣ. ನಮ್ಮ ಗೋಡೆಯಲ್ಲಿ ಪದರ ಪದರವಾಗಿ ಮನೆಯ ಚರಿತ್ರೆಯೇ ಇತ್ತು. ಎಲ್ಲಕ್ಕಿಂತ ಅಡಿಯಲ್ಲಿ ಸುಣ್ಣ, ಅದರ ಮೇಲೆ ಸ್ನೋಸೆಂ ಅನ್ನುವ ತಿಳಿ ಹಳದಿ ಸಿಮೆಂಟ್ ಪೇಂಟ್, ಆ ಮೇಲೆ ಮದುವೆಯೊಂದರ ನೆಪದಲ್ಲಿ ಹೊಡೆಸಿದ ಗುಲಾಬಿ ಎಮಲ್ಷನ್. ಸ್ನೋಸೆಂ ಬೆರಳಿಗೆ ಪುಡಿ ಪುಡಿಯಾಗಿ ಬರುತ್ತಿತ್ತು. ಎಮಲ್ಷನ್ ಪ್ಲಾಸ್ಟಿಕ್ ಹಾಳೆಯ ಥರ ಸಿಪ್ಪೆ ಬಿಟ್ಟುಕೊಳ್ಳುತ್ತಿತ್ತು. ಸಿಮೆಂಟ್ ಇವೆರಡಕ್ಕೂ ಅಂಟುವುದಿಲ್ಲ. ಪುಡಿಗೆ ಅಂಟಿದರೆ ಪುಡಿಯ ಜೊತೆ ಬೀಳುತ್ತದೆ, ಸಿಪ್ಪೆಗೆ ಅಂಟಿದರೆ ಸಿಪ್ಪೆಯ ಜೊತೆ.

ಸ್ಕ್ರೇಪರ್, ತಂತಿ ಬ್ರಷ್, ಹಟಮಾರಿ ಜಾಗಕ್ಕೆ ಗ್ರೈಂಡರ್. ಧೂಳು ಅಂದರೆ ಅಂಥಿಂಥ ಧೂಳಲ್ಲ. ಹುಡುಗರು ಮುಖಕ್ಕೆ ಟವೆಲ್ ಸುತ್ತಿಕೊಂಡು ಹೊರಟಿದ್ದರು. ಮಾಸ್ಕ್, ಕನ್ನಡಕ ತಂದುಕೊಟ್ಟೆ. ಸಿಮೆಂಟು ಮರಳಿನ ನುಣುಪು ಧೂಳು ಪುಪ್ಪುಸಕ್ಕೆ ಇಳಿದರೆ ವಾಪಸ್ ಬರುವುದಿಲ್ಲ. ಮೊದಲು ನಕ್ಕರು, ಮಧ್ಯಾಹ್ನದ ಹೊತ್ತಿಗೆ ಮಾಸ್ಕಿನ ಹೊರಗಡೆ ಏನು ಹಿಡಿದಿದೆ ಅಂತ ನೋಡಿ ಸುಮ್ಮನಾದರು.

ಬಣ್ಣ ಪೂರ್ತಿ ಹೋಯಿತೋ ಇಲ್ಲವೋ ಅನ್ನುವುದಕ್ಕೆ ಮೇಸ್ತ್ರಿಯ ಪರೀಕ್ಷೆ ಬಹಳ ಸುಲಭ. ಚೊಂಬಿನಲ್ಲಿ ನೀರು ತಗೊಂಡು ಗೋಡೆಗೆ ಎರಚುವುದು. ಗಾರೆ ನೀರನ್ನು ಎಳೆದುಕೊಂಡು ಕಪ್ಪಾದರೆ ಸರಿ. ನೀರು ಮಣಿ ಮಣಿಯಾಗಿ ಉರುಳಿ ಬಿದ್ದರೆ ಅಲ್ಲಿ ಇನ್ನೂ ಬಣ್ಣ ಇದೆ. ಕಿಟಕಿಯ ಪಕ್ಕದಲ್ಲಿ ಮಣಿ ಉರುಳಿತು, ಮತ್ತೆ ಗ್ರೈಂಡರ್ ಹಿಡಿದರು.

ಕಚ್ಚು ಹೊಡೆಯುವುದನ್ನು ನಾನು ಹತ್ತಿರ ನಿಂತು ನೋಡಿದೆ. ಚೂಪು ಮೂತಿಯ ಸುತ್ತಿಗೆಯಲ್ಲಿ ಒಂದೂವರೆ ಇಂಚಿಗೊಂದು ಏಟು. ಆಳ ಒಂದು ಅಕ್ಕಿಕಾಳಿನಷ್ಟು, ಅಂದರೆ 3 ಮಿಲಿಮೀಟರ್ ಆಸುಪಾಸು. ನೇರ ಸಾಲಿನಲ್ಲಿ ಅಲ್ಲ, ಚದುರಿದ ಹಾಗೆ. ಮೇಸ್ತ್ರಿಯ ಏಟಿನಲ್ಲಿ ಮಣಿಕಟ್ಟು ಮಾತ್ರ ಅಲುಗುತ್ತಿತ್ತು. ಜೊತೆಗೆ ಬಂದ ಹುಡುಗ ತೋಳೆತ್ತಿ ಹೊಡೆದ. ಮೇಸ್ತ್ರಿ ಅವನ ಕೈ ಹಿಡಿದು ನಿಲ್ಲಿಸಿದರು.

"ಗಟ್ಟಿ ಇದ್ದದ್ದನ್ನ ನೀನ ಸಡ್ಲ ಮಾಡ್ತಿಯಲ್ಲೋ" ಅಂದರು.

ಅದು ನಿಜ. ಜೋರಾಗಿ ಹೊಡೆದರೆ ಹಳೆ ಗಾರೆ ಕಲ್ಲಿನಿಂದ ಬಿಡುತ್ತದೆ. ಅದಕ್ಕೇ ಕಚ್ಚು ಹೊಡೆದಾದ ಮೇಲೆ ಇನ್ನೊಮ್ಮೆ ಇಡೀ ಗೋಡೆ ಬಡಿದು ನೋಡಿದರು. ಒಂದೆರಡು ಕಡೆ ಹೊಸ ಪೊಳ್ಳು ಸಿಕ್ಕಿತು, ಅದನ್ನೂ ಕಿತ್ತರು.

ಪೊಳ್ಳು ಇದ್ದ ಕಡೆ ಕೀಳುವಾಗ ಅಂಚನ್ನು ಹರಕು ಮುರುಕಾಗಿ ಬಿಡಲಿಲ್ಲ. ಕಟರ್‌ನಿಂದ ಚೌಕಾಕಾರವಾಗಿ ಕೊಯ್ದು ಒಳಗಿನದನ್ನು ತೆಗೆದರು. ಒಳಗೆ ಕಂಡದ್ದು ನೋಡಿದರೆ ಗಾರೆ ಯಾಕೆ ಬಿಟ್ಟಿತು ಅನ್ನುವುದು ಅರ್ಥವಾಗುತ್ತಿತ್ತು. ಗಾರೆಯ ಬೆನ್ನಿಗೆ ಕೆಂಪು ಮಣ್ಣಿನ ತೆಳು ಪದರ, ಅದರ ಮೇಲೆ ಬಿಳಿ ಉಪ್ಪು. ಬಿರುಕಿನಿಂದ ಒಳಗೆ ಹೋದ ನೀರು ಹೊರಗೆ ಬರಲು ಆ ಗುಲಾಬಿ ಎಮಲ್ಷನ್ ಬಿಡಲಿಲ್ಲ. ನೀರು ಒಳಗೇ ಕೂತು ಕೆಸರಿನ ಸಂದುಗಳನ್ನು ಮೆತ್ತಗೆ ಮಾಡಿತು. ಬೇಸಿಗೆಯಲ್ಲಿ ಒಣಗಿದಾಗ ಉಪ್ಪು ಹರಳುಗಟ್ಟಿ ಗಾರೆಯನ್ನು ಹಿಂದಿನಿಂದ ತಳ್ಳಿತು. ವರ್ಷಕ್ಕೊಂದು ಸಲ ಹೀಗೆ ತಳ್ಳುತ್ತಾ ಬಂದರೆ ಎಂಥ ಗಾರೆಯೂ ಬಿಡುತ್ತದೆ. ಕಲ್ಲಿನ ಸಂದಿನ ಸಡಿಲ ಮಣ್ಣನ್ನು ಅರ್ಧ ಇಂಚಿಗೂ ಸ್ವಲ್ಪ ಹೆಚ್ಚು ಕೆದಕಿ ತೆಗೆದು, ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ಗುಡಿಸಿದರು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಗಾರೆಯ ಹದದ ವಿಷಯದಲ್ಲಿ ಸ್ವಲ್ಪ ಚರ್ಚೆ ನಡೆಯಿತು. ನಮ್ಮ ಪಕ್ಕದ ಮನೆಯವರು "ಹೊರಗಿನ ಗೋಡೆ, ಸಿಮೆಂಟ್ ಜಾಸ್ತಿ ಹಾಕಿಸಿ, ಒಂದು ಪಾಲಿಗೆ ಮೂರು ಪಾಲು ಮರಳು ಮಾಡಿಸಿ" ಅಂತ ಒತ್ತಾಯ ಮಾಡಿದರು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಸಿಮೆಂಟ್ ಜಾಸ್ತಿಯಾದಷ್ಟೂ ಗಟ್ಟಿ ಅಂತ. ಗಟ್ಟಿ ಹೌದು. ಆದರೆ ಸಿಮೆಂಟ್ ಜಾಸ್ತಿಯಾದ ಗಾರೆ ಒಣಗುವಾಗ ಜಾಸ್ತಿ ಕುಗ್ಗುತ್ತದೆ. ಅಡಿಯಲ್ಲಿರುವ ಹಳೆ ಗಾರೆ ಅದಕ್ಕಿಂತ ಮೆತ್ತಗಿದ್ದರೆ ಅದನ್ನೂ ಎಳೆದುಕೊಂಡು ಬರುತ್ತದೆ. ಮೇಸ್ತ್ರಿ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು.

"ಹರಕ ಧೋತ್ರಕ್ಕ ಕಂಬಳಿ ತ್ಯಾಪಿ ಹಚ್ಚಿದಂಗ ಆಕ್ಕೈತ್ರಿ."

ಮೇಲಿನ ಕೋಟ್ ಅಡಿಯದಕ್ಕಿಂತ ಗಟ್ಟಿ ಇರಬಾರದು. ಇದೊಂದು ನಿಯಮ ಎಲ್ಲ ಕಡೆಗೂ ಒಪ್ಪುತ್ತದೆ. ನಾವು ಒಪ್ಪಿಕೊಂಡದ್ದು ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಎಂಜಿನಿಯರ್ ಆಗಿರುವ ನನ್ನ ಭಾವನಿಗೂ ಇದೇ ಸರಿ ಅನಿಸಿತು. ಸಿಮೆಂಟ್ ಗಾರೆ ಮತ್ತು ಸಿಮೆಂಟ್–ಸುಣ್ಣದ ಗಾರೆಗೆ 1972ರ ಐಎಸ್ 1661 ಅನ್ನುವ ಭಾರತೀಯ ಮಾನಕವೇ ಇದೆ, ಸುಣ್ಣ ಸೇರಿಸುವುದು ಹಳೆ ಕಾಲದ ಹುಚ್ಚಲ್ಲ ಅಂತ ಅವನು ಫೋನಿನಲ್ಲೇ ಪಕ್ಕದ ಮನೆಯವರಿಗೆ ಪಾಠ ಮಾಡಿದ. ಕೆ.ಆರ್.ಎಸ್. ಕಟ್ಟೆ ಎದ್ದದ್ದೇ ಸುಣ್ಣ–ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಗಾರೆಯಲ್ಲಿ ಅಂತಲೂ ಸೇರಿಸಿದ. ಅಣೆಕಟ್ಟೆಗೂ ನಮ್ಮ ಗೋಡೆಗೂ ಏನು ಸಂಬಂಧ ಅಂತ ಅವರು ಕೇಳಿದ್ದೂ ನ್ಯಾಯವೇ. ಸುಣ್ಣದಿಂದ ನಮಗೆ ಆಗುವ ಲಾಭ ಬೇರೆ. ಗಾರೆ ನುಣ್ಣಗೆ ಎಳೆಯಲು ಬರುತ್ತದೆ, ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ, ಕಡಿಮೆ ಬಿರಿಯುತ್ತದೆ. ಒಳಗಿನ ತೇವ ಹೊರಗೆ ಹೋಗಲು ದಾರಿಯೂ ಇರುತ್ತದೆ.

ಸುಣ್ಣ ಕರಾವಳಿಯಿಂದ ತರಿಸಿದ ಚಿಪ್ಪುಸುಣ್ಣ. ಡ್ರಮ್ಮಿನಲ್ಲಿ ನೀರು ತುಂಬಿ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಹಾಕಿದ ತಕ್ಷಣ ಕೊತಕೊತ ಕುದಿಯುತ್ತದೆ. ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಮಕ್ಕಳನ್ನು ಆ ಕಡೆ ಬಿಡಲಿಲ್ಲ, ಡ್ರಮ್ಮಿಗೆ ಮುಚ್ಚಳ ಮುಚ್ಚಿ ಮೇಲೆ ಕಲ್ಲು ಹೇರಿದೆವು. ಚೆನ್ನಾಗಿ ನೆನೆದ ಮೇಲೆ ಬೆಣ್ಣೆಯಂಥ ಸುಣ್ಣ ಸಿಕ್ಕಿತು, ಅದನ್ನು ಸೋಸಿಕೊಂಡರು. ನೆನೆಯದ ಕಾಳು ಗಾರೆಯಲ್ಲಿ ಉಳಿದರೆ ಆಮೇಲೆ ಅಲ್ಲೇ ಅರಳಿ ಗೋಡೆಯಲ್ಲಿ ಸಣ್ಣ ಗುಳಿ ಎಬ್ಬಿಸುತ್ತದೆ.

ಮರಳಿನ ಮೊದಲ ಲೋಡು ವಾಪಸ್ ಹೋಯಿತು. ಗಾಜಿನ ಬಾಟಲಿಯಲ್ಲಿ ಅರ್ಧ ಮರಳು, ಮೇಲೆ ಉಪ್ಪು ಹಾಕಿದ ನೀರು, ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಕೆಳಗೆ ಕೂತು ಹೂಳು ಮೇಲೆ ನಿಲ್ಲುತ್ತದೆ. ನಮ್ಮ ಬಾಟಲಿಯಲ್ಲಿ ಹೂಳು ಕಾಲುಭಾಗ ಇತ್ತು. ಲಾರಿಯವರು ಗೊಣಗಿದರು. ಆಮೇಲೆ ಗಾರೆಗೆಂದೇ ಕಲ್ಲು ಪುಡಿಮಾಡಿ, ತೊಳೆದು ಜರಡಿ ಹಿಡಿದ ಪಿ-ಸ್ಯಾಂಡ್ ತರಿಸಿದೆವು.

ಅಳತೆಗೆ ಬಾಂಡ್ಲಿ ಬೇಡ ಅಂದೆ. ಬಾಂಡ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಥರ ತುಂಬುತ್ತದೆ. 50 ಕೆಜಿಯ ಒಂದು ಚೀಲ ಸಿಮೆಂಟ್ ಅಂದರೆ ಸುಮಾರು 35 ಲೀಟರ್. ಅಷ್ಟೇ ಹಿಡಿಯುವ ಮರದ ಪೆಟ್ಟಿಗೆಯೊಂದನ್ನು ಬಡಗಿಯ ಕೈಲಿ ಮಾಡಿಸಿದೆವು. ಒಳಅಳತೆ 40 ಸೆಂಟಿಮೀಟರ್ ಉದ್ದ, 35 ಅಗಲ, 25 ಎತ್ತರ. ಮರಳು ಒಣಗಿರಬೇಕು ಅನ್ನುವುದನ್ನೂ ನೋಡಿಕೊಂಡೆವು. ಸ್ವಲ್ಪ ಒದ್ದೆಯಾದ ಮರಳು ಉಬ್ಬಿಕೊಳ್ಳುತ್ತದೆ, ಪೆಟ್ಟಿಗೆ ತುಂಬಿದಂತೆ ಕಂಡರೂ ಒಳಗೆ ಮರಳು ಕಡಿಮೆ.

ಗಾರೆ ಹಾಕುವ ಹಿಂದಿನ ಸಂಜೆ ಗೋಡೆಗೆ ಚೆನ್ನಾಗಿ ನೀರು ಹೊಡೆದರು. ಜಂಬಿಟ್ಟಿಗೆ ಕಾಣುವ ಜಾಗ ಎಷ್ಟು ಹೊಡೆದರೂ ಕುಡಿಯುತ್ತಲೇ ಇತ್ತು. ಅದಕ್ಕೆ ಬಾಯಾರಿಕೆ ಉಳಿದರೆ ಹೊಸ ಗಾರೆಯ ನೀರನ್ನೂ ಎಳೆದುಕೊಂಡು ಗಾರೆಯನ್ನು ಪುಡಿ ಮಾಡುತ್ತದೆ. ಹಾಗಂತ ಹಾಕುವ ಹೊತ್ತಿಗೆ ನೀರು ಇಳಿಯುತ್ತಲೂ ಇರಬಾರದು. ಮುಟ್ಟಿದರೆ ತಂಪು, ಕೈಗೆ ನೀರು ಹತ್ತಬಾರದು, ಆ ಹದ.

ಆ ಮೇಲೆ ಎರಚು ಗಾರೆ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ದಪ್ಪ ಮರಳು, ತೆಳ್ಳಗೆ ಕಲಸಿ, ಕರಣೆಯಲ್ಲಿ ತೆಗೆದು ಗೋಡೆಗೆ ರಪ್ ಅಂತ ಎರಚುವುದು. ಸವರುವ ಹಾಗಿಲ್ಲ. ಗೋಡೆ ಪೂರ್ತಿ ಮುಚ್ಚಲೂಬಾರದು, ಒರಟು ಒರಟು ಕಾಳಾಗಿ ಕೂರಬೇಕು. ಇದು ತೆಳು, ಒರಟು ಹಿಡಿತಕ್ಕೆ ಮಾತ್ರ. ಹಾಗಾಗಿ ಸಿಮೆಂಟ್ ಜಾಸ್ತಿ ಇದ್ದರೂ ತೊಂದರೆ ಇಲ್ಲ. ಒಂದೆರಡು ದಿನ ಒದ್ದೆಯಾಗಿಟ್ಟರೆ ಅಂಗೈಯಲ್ಲಿ ಉಜ್ಜಿದರೂ ಉದುರುವುದಿಲ್ಲ. ನಮ್ಮ ಕಡೆ ಇದರ ಬದಲು ಸಿಮೆಂಟ್ ಹಾಲು, ಅಂದರೆ ನೀರಾಗಿ ಕಲಸಿದ ಸಿಮೆಂಟ್, ಬಳಿದು ಬಿಡುವುದು ಜಾಸ್ತಿ. ಹಾಲು ಹಸಿಯಾಗಿದ್ದಾಗಲೇ ಗಾರೆ ಹಾಕಿದರೆ ಪರವಾಗಿಲ್ಲ. ಬೆಳಿಗ್ಗೆ ಬಳಿದು, ಚಹಾ ಕುಡಿದು, ಊಟ ಮಾಡಿ ಬಂದು ಹಾಕಿದರೆ ಅಷ್ಟರಲ್ಲಿ ಅದು ನುಣ್ಣನೆ ಒಣಗಿ ಇನ್ನೊಂದು ಬಣ್ಣದ ಪದರದ ಹಾಗೆ ಆಗಿರುತ್ತದೆ. ಅಂಟಿಸಲೆಂದು ಹಾಕಿದ್ದೇ ಬಿಡಿಸುತ್ತದೆ.

ಕಿತ್ತ ಜಾಗಗಳನ್ನು ಮೊದಲು ಹಳೆ ಗಾರೆಯ ಮಟ್ಟಕ್ಕೆ ತುಂಬಿಸಿದರು. ಆಳ ಇದ್ದ ಕಡೆ ಒಂದೇ ಸಲಕ್ಕೆ ತುಂಬಲಿಲ್ಲ. ಅರ್ಧ ಇಂಚು ಹಾಕಿ, ಗೀರು ಎಳೆದು, ಮರುದಿನ ಮತ್ತೆ. ಹಳೆಯದು ಹೊಸದು ಸೇರುವ ಗೆರೆಯ ಮೇಲೆ ಸತುವಿನ ಲೇಪ ಇರುವ ಚಿಕನ್ ಮೆಶ್ (ತಂತಿ ಬಲೆ) ಹೊಡೆದರು. ಎರಡೂ ಕಡೆಗೆ ಆರಾರು ಇಂಚು ಬರುವ ಹಾಗೆ, ಮೊಳೆಗೆ ವಾಷರ್ ಹಾಕಿ, ಎಲ್ಲೂ ಉಬ್ಬದ ಹಾಗೆ. ಮೂಲೆಯ ಓರೆ ಬಿರುಕಿಗೂ ಅದೇ. ಬಿರುಕನ್ನು ಸ್ವಲ್ಪ ಅಗಲ ಮಾಡಿ ತುಂಬಿಸಿ, ಮೇಲೆ ಮೆಶ್.

ಇಲ್ಲಿ ಒಂದು ವಿಷಯ. ಹಳೆ ಗಾರೆಯ ಮೇಲೆ ಹಾಕಿದರೆ ಗೋಡೆ ದಪ್ಪ ಆಗುತ್ತದೆ ಅನ್ನುವುದು ಯಾರ ತಲೆಗೂ ಹೊಳೆಯುವುದಿಲ್ಲ. ಅರ್ಧ ಇಂಚು ತಾನೇ ಅನಿಸುತ್ತದೆ. ಆ ಅರ್ಧ ಇಂಚು ಕಿಟಕಿ ಚೌಕಟ್ಟಿನ ಅಂಚನ್ನು ನುಂಗುತ್ತದೆ. ಸಜ್ಜಾ ಅಷ್ಟು ಚಿಕ್ಕದಾಗುತ್ತದೆ. ನೀರಿನ ಪೈಪಿನ ಕ್ಲ್ಯಾಂಪು, ಕರೆಂಟಿನ ಪೈಪು, ಬಟ್ಟೆ ಹಗ್ಗದ ಕೊಂಡಿ ಎಲ್ಲವನ್ನೂ ಮೊದಲೇ ಬಿಚ್ಚಬೇಕು. ಬಿಚ್ಚದೆ ಪೈಪಿನ ಹಿಂದೆ ಕೈ ತೂರಿಸಿ ಮೆತ್ತಿದರೆ ಅಲ್ಲಿ ಪೊಳ್ಳು ಗ್ಯಾರಂಟಿ. ನಾವು ಎಲ್ಲಾ ಬಿಚ್ಚಿಸಿದೆವು, ಚೌಕಟ್ಟಿನ ಸುತ್ತ ಹಳೆ ಗಾರೆಯನ್ನು ಎರಡಿಂಚು ಅಗಲಕ್ಕೆ ಕಿತ್ತು ಹೊಸದನ್ನು ಅಲ್ಲಿ ಇಳಿಜಾರಾಗಿ ಮುಗಿಸಿದೆವು. ಸಜ್ಜಾದ ಅಡಿಗೆ ನೀರು ತಡೆಯುವ ಗೀರು ಈ ಸಲ ಮರೆಯದೆ ಮಾಡಿಸಿದೆ.

ಗಾರೆ ಎಳೆಯುವ ಕೆಲಸಕ್ಕೆ ಬಂದರೆ ಅದು ನೋಡಲು ಚೆಂದ, ಹೇಳಲು ಕಡಿಮೆ. ಸೂರಿನಿಂದ ತೂಕದ ಗುಂಡು ಬಿಟ್ಟು ಅಲ್ಲಲ್ಲಿ ಬುಲ್ ಮಾರ್ಕ್ (ಗಾರೆಯ ದಪ್ಪಕ್ಕೆ ಗುರುತು) ಇಟ್ಟರು. ಬಿಸಿಲು ಪಡುವಣಕ್ಕೆ ತಿರುಗುವ ಮೊದಲೇ ಮುಗಿಸಬೇಕು ಅಂತ ನಸುಕಿಗೇ ಶುರು. ಮೇಲಿಂದ ಕೆಳಗೆ. ಗಾರೆಯನ್ನು ಹಚ್ಚುವುದಲ್ಲ, ಕರಣೆಯಿಂದ ಬೀಸಿ ಹೊಡೆಯುವುದು. ಹಾಗೆ ಹೊಡೆದಾಗ ಕಚ್ಚಿನೊಳಗಿನ ಗಾಳಿ ಹೊರಗೆ ಹೋಗಿ ಗಾರೆ ಒಳಗೆ ಕೂರುತ್ತದೆ. ಅಲ್ಯೂಮಿನಿಯಂ ಪಟ್ಟಿಯಲ್ಲಿ ಎಳೆದು ಮಟ್ಟ ಮಾಡಿ, ಮರದ ಹಲಗೆಯಲ್ಲಿ ಉಜ್ಜಿ, ಕೊನೆಗೆ ಸ್ಪಾಂಜ್. ಒಮ್ಮೆ ಕಲಸಿದ್ದನ್ನು ಬಿಗಿಯಾದ ಮೇಲೆ ಮತ್ತೆ ನೀರು ಹಾಕಿ ತಿರುವುವುದು ಬೇಡ ಅಂತ ಮೊದಲೇ ಮಾತಾಗಿತ್ತು. ಸ್ವಲ್ಪ ಸ್ವಲ್ಪವೇ ಕಲಸಿದರು. ಬೇಗ ಬಿಗಿಯಾಗಲಿ ಅಂತ ಒಣ ಸಿಮೆಂಟ್ ಪುಡಿ ಎರಚಿ ಉಜ್ಜುವ ಅಭ್ಯಾಸ ಕೆಲವರಿಗಿದೆ. ನೋಡಲು ಕನ್ನಡಿಯಷ್ಟು ನುಣುಪು ಬರುತ್ತದೆ, ತಿಂಗಳೊಳಗೆ ಮತ್ತದೇ ಕೂದಲೆಳೆ ಬಿರುಕು. ಆ ಹುಡುಗನ ಕೈ ಒಮ್ಮೆ ಚೀಲದ ಕಡೆ ಹೋಯಿತು. ಮೇಸ್ತ್ರಿ ನೋಡಿದ ನೋಟಕ್ಕೇ ವಾಪಸ್ ಬಂತು.

ಕೆಳಗಿನ ಎರಡಡಿಗೆ ಗಾರೆ ಹಾಕಿಸಲಿಲ್ಲ. ಇದಕ್ಕೆ ಮನೆಯಲ್ಲಿ ಬಹಳ ವಿರೋಧ ಇತ್ತು. ಆದರೆ ನೆಲದಿಂದ ಏರುವ ತೇವ, ಸೂರಿನ ನೀರು ಬಿದ್ದು ಸಿಡಿಯುವ ಕೆಸರು ಎರಡೂ ಅಲ್ಲಿಗೇ ಬರುತ್ತವೆ. ಅಲ್ಲಿ ಎಂಥ ಗಾರೆ ಹಾಕಿದರೂ ಕೆಲವೇ ವರ್ಷ. ಅದಕ್ಕೆ ಜಂಬಿಟ್ಟಿಗೆ ಕಲ್ಲನ್ನು ಹಾಗೇ ಕಾಣಲು ಬಿಟ್ಟು, ಸಂದುಗಳಿಗೆ ಮಾತ್ರ ಸುಣ್ಣದ ಗಾರೆ ತುಂಬಿಸಿದೆವು. ಗೋಡೆ ಬೇಕಾದರೆ ಅಲ್ಲಿಂದ ಉಸಿರಾಡಿಕೊಳ್ಳಲಿ. ನೋಡಿದವರು "ದುಡ್ಡು ಸಾಲಲಿಲ್ವಾ?" ಅಂತ ಕೇಳುತ್ತಾರೆ. ಕೇಳಲಿ.

ನೀರು ಹೊಡೆಯುವುದು ನನ್ನ ಪಾಲಿಗೆ ಬಂತು. ಬರೀ ಪೈಪು ಹಿಡಿದು ಬೆಳಿಗ್ಗೆ ಸಂಜೆ ಹೊಡೆದರೆ ಸಾಲದು, ನಮ್ಮ ಪಡುವಣ ಬಿಸಿಲಿಗೆ ಗೋಡೆ ಅರ್ಧ ಗಂಟೆಯಲ್ಲಿ ಬಿಳಿಚಿಕೊಳ್ಳುತ್ತದೆ. ಅತ್ತೆ ಅಟ್ಟದಲ್ಲಿದ್ದ ಹಳೆ ಬಿದಿರಿನ ಗಳ ತೆಗೆಸಿ, ಹೊಸ ಸೋಗೆಯ ತಟ್ಟಿ ಹೆಣೆಸಿ ಗೋಡೆಯಿಂದ ಒಂದಡಿ ಬಿಟ್ಟು ನಿಲ್ಲಿಸಿದರು. ಅದರ ನೆರಳಿನಲ್ಲಿ ಗೋಡೆ ಮಧ್ಯಾಹ್ನವೂ ತಂಪಾಗಿರುತ್ತಿತ್ತು. ಪುಸ್ತಕದಲ್ಲಿ ಏಳು ದಿನ ಅಂತಾರೆ, ಸುಣ್ಣ ಇದ್ದದ್ದರಿಂದ ನಾವು ಇನ್ನೂ ಕೆಲವು ದಿನ ಮುಂದುವರಿಸಿದೆವು.

ಒಣಗಿದ ಮೇಲೆ ಮೇಸ್ತ್ರಿ ಮತ್ತೆ ಬಂದು ಗೋಡೆ ಬಡಿದರು. ಪೈಪಿನ ಹತ್ತಿರ ಅಂಗೈ ಅಗಲದ ಒಂದು ಜಾಗ ಡೊಬ್ ಅಂದಿತು. ಅವರೇ ಅದನ್ನು ಚೌಕಕ್ಕೆ ಕೊಯ್ದು ಮತ್ತೆ ಹಾಕಿಕೊಟ್ಟರು. ಅದಕ್ಕೆ ಕೂಲಿ ತಗೊಳ್ಳಲಿಲ್ಲ. ಬಣ್ಣವನ್ನು ಒಂದು ತಿಂಗಳು ಬಿಟ್ಟು ಹೊಡೆಸಿದೆವು. ಎಮಲ್ಷನ್ ಅಲ್ಲ, ಸುಣ್ಣ. ಸ್ವಲ್ಪ ಕಾವಿಮಣ್ಣು ಬೆರೆಸಿ, ಮೂರು ತೆಳು ಕೋಟ್. ಪೇಂಟ್ ಅಂಗಡಿಯವರು ಈಗಲೂ ನನ್ನ ಕಡೆ ಅನುಮಾನದಿಂದ ನೋಡುತ್ತಾರೆ.

ಜೂನ್‌ನಲ್ಲಿ ಮಳೆ ಹಿಡಿದಾಗ ತಟ್ಟಿಯನ್ನು ಮತ್ತೆ ಗೋಡೆಗೆ ಕಟ್ಟಿದೆವು, ಈ ಸಲ ಮಳೆಗೆ. ಗಾರೆ ಎಷ್ಟೇ ಚೆನ್ನಾಗಿದ್ದರೂ ಅದು ಕೊಡೆ ಅಲ್ಲ, ನಾಲ್ಕು ತಿಂಗಳ ಎರಚಲನ್ನು ಅದೊಂದೇ ತಡೆಯಬೇಕು ಅನ್ನುವುದು ಅನ್ಯಾಯ. ಬೀರು ಸರಿಸಿ ನೋಡಿದರೆ ಒಳಗೋಡೆ ಒಣಗಿಯೇ ಇತ್ತು. ಕೆಳಗಿನ ಕಲ್ಲಿನ ಸಾಲು ಒದ್ದೆಯಾಗುತ್ತದೆ, ಮಳೆ ಬಿಟ್ಟಾಗ ಒಣಗುತ್ತದೆ, ಅಲ್ಲಿ ಉಪ್ಪು ಕಂಡರೆ ಒಣ ಬ್ರಷ್‌ನಲ್ಲಿ ಉಜ್ಜಿಬಿಡುತ್ತೇನೆ. ಕಿಟಕಿ ಮೂಲೆಯ ಓರೆ ಬಿರುಕು ಮಾತ್ರ ಆಗಸ್ಟ್‌ನಲ್ಲಿ ಕೂದಲಿನಷ್ಟು ತೆಳ್ಳಗೆ ಮತ್ತೆ ಕಾಣಿಸಿಕೊಂಡಿದೆ. ಗೋಡೆಯೇ ಮಳೆಗಾಲಕ್ಕೊಮ್ಮೆ ಸ್ವಲ್ಪ ಕದಲುತ್ತದೆ ಅಂತ ಕಾಣುತ್ತದೆ, ಗಾಜು ಇಟ್ಟದ್ದು ಒಣ ತಿಂಗಳುಗಳಲ್ಲಿ ತಾನೇ. ಅದಕ್ಕೆ ಇನ್ನು ಗಾರೆ ಮೆತ್ತುವುದಿಲ್ಲ. ಅಡಿಕೆ ಕೆಲಸ ಮುಗಿದ ಮೇಲೆ ಅಷ್ಟು ಜಾಗಕ್ಕೆ ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬಿಸಬೇಕು. ಮೇಸ್ತ್ರಿಗೆ ಹೇಳಿಟ್ಟಿದ್ದೇನೆ.